ಮೊಣಕಾಲಿನ ಮುಂದಿನ ಇಂಚು

ನಾಳೆ ಕೊಲ್ಲಿಗೆ ಹೊರಡುವವರಿರುವ ಮನೆಯಲ್ಲಿ ಇಂದು ರಾತ್ರಿ ತಕ್ಕಡಿಗೆ ಬಿಡುವಿಲ್ಲ. ಕುಂಬಳೆಯಿರಲಿ, ಬದಿಯಡ್ಕವಿರಲಿ, ಮಂಜೇಶ್ವರವಿರಲಿ, ನಡೆಯುವುದು ಒಂದೇ. ಹಲಸಿನ ಹಪ್ಪಳದ ಕಟ್ಟು, ಒಣಗಿಸಿದ ಪುನರ್ಪುಳಿ ಸಿಪ್ಪೆ, ನಾಲ್ಕು ಸುತ್ತು ಪ್ಲಾಸ್ಟಿಕ್ಕಿನೊಳಗೆ ಮಿಡಿ ಉಪ್ಪಿನಕಾಯಿ ಎಲ್ಲವೂ ಪೆಟ್ಟಿಗೆಗಿಳಿದ ಮೇಲೆ ಕೈತಕ್ಕಡಿಯ ಕೊಕ್ಕೆಗೆ ಅದನ್ನು ನೇತುಹಾಕುತ್ತಾರೆ. ಮೂವತ್ತು ಕಿಲೋ ಮುನ್ನೂರು ಗ್ರಾಂ ಎಂದು ತೋರಿಸಿದರೆ ಮುನ್ನೂರು ಗ್ರಾಂ ಹಪ್ಪಳ ಹೊರಗೆ. ಟಿಕೇಟು ಮಾಡುವಾಗಲೂ ಇದೇ ಧಾಟಿ: ಎಷ್ಟು ಕಿಲೋ ಬಿಡುತ್ತಾರೆ, ಯಾವುದು ಇನ್ನೂರು ರೂಪಾಯಿ ಕಡಿಮೆ, ಮಂಗಳೂರಿನ ಬಜ್ಪೆಯಿಂದ ಒಳ್ಳೆಯದೋ ಕಣ್ಣೂರಿನಿಂದಲೋ. ಮೊಣಕಾಲಿಗೆ ಎಷ್ಟು ಇಂಚು ಕೊಡುತ್ತಾರೆ ಎಂದು ಕೇಳಿದ ಗಿರಾಕಿಯನ್ನು ನಮ್ಮ ಊರಿನ ಟ್ರಾವೆಲ್ ಏಜೆಂಟರು ಕಂಡಿರಲಾರರು. ಕೇಳದವರಿಗೆ ಯಾರು ಕೊಡುತ್ತಾರೆ?

ಸೀಟಿನ ಲೆಕ್ಕ ಶುರುವಾಗುವುದು ಕಾರ್ಪೆಟ್ಟಿನ ಅಡಿಯಿಂದ. ವಿಮಾನದ ನೆಲದಲ್ಲಿ ಉದ್ದಕ್ಕೂ ಹಳಿಗಳಿವೆ, ಹಳಿಯ ಮೇಲೆ ಇಂಚಿಗೊಂದು ದುಂಡನೆಯ ತೂತು. ಸೀಟಿನ ಕಾಲಿನ ಗುಬ್ಬಿ ಆ ತೂತಿಗಿಳಿದು ಅರ್ಧ ಇಂಚು ಸರಿದರೆ ಹಳಿಯ ತುಟಿಗೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಬೀಗ ಬಿಗಿದರಾಯಿತು. ಸಾಲುಗಳನ್ನು ಹತ್ತಿರ ತರಲು ಗರಗಸವೂ ಬೇಡ, ವೆಲ್ಡಿಂಗೂ ಬೇಡ. ಹೊಸ ಜೋಡಣೆಯ ನಕ್ಷೆಗೆ ಒಪ್ಪಿಗೆ ಪಡೆಯಬೇಕು. ತಲೆಯ ಮೇಲಿನ ದೀಪ, ಗಾಳಿಯ ಕಂಡಿ, ಆಮ್ಲಜನಕದ ಮುಖವಾಡ ಇರುವ ಹಲಗೆಗಳನ್ನು ಅದೇ ಅಳತೆಗೆ ಸರಿಸಬೇಕು. ಅಷ್ಟೇ. ಒಂದು ಸೀಟಿನ ಯಾವುದಾದರೂ ಒಂದು ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗಿರುವ ದೂರಕ್ಕೆ ಪಿಚ್ ಎನ್ನುತ್ತಾರೆ. ಅಗ್ಗದ ವಿಮಾನಗಳಲ್ಲಿ ಈಗ ಅದು 28ರಿಂದ 30 ಇಂಚು.

ಅನುಪತ್ಯದ, ಎಂದರೆ ಮದುವೆ ಮುಂಜಿಯಂಥ ಸಮಾರಂಭದ, ಚಪ್ಪರದಲ್ಲಿ ಊಟಕ್ಕೆ ಬಾಳೆಲೆ ಹಾಕಿಸುವವರಿಗೆ ಈ ವಿದ್ಯೆ ಹೊಸತಲ್ಲ. ನೆಂಟರು ಅಂದಾಜಿಗಿಂತ ಹೆಚ್ಚು ಬಂದರೆ ಪ್ರತಿ ಹಂತಿಯನ್ನೂ ಚೂರು ಚೂರು ಒತ್ತಿ ಕೊನೆಗೊಂದು ಹಂತಿ ಹೆಚ್ಚಿಸುತ್ತಾರೆ. ಉಣ್ಣುವವರಿಗೆ ಗೊತ್ತೇ ಆಗುವುದಿಲ್ಲ, ಸಾರಿನ ಬಕೆಟ್ಟು ಹಿಡಿದು ಬರುವವನಿಗೆ ಮಾತ್ರ ಗೊತ್ತಾಗುತ್ತದೆ. ವಿಮಾನದಲ್ಲೂ ಹಾಗೆಯೇ. 30 ಇಂಚಿನ 30 ಸಾಲಿಗೆ 900 ಇಂಚು ಬೇಕು. 29 ಇಂಚಿನಂತೆ ಹಾಕಿದರೆ 31 ಸಾಲಿಗೆ 899. ಆರು ಜನ ಹೆಚ್ಚಾದರು, ಮೇಲೆ ಒಂದಿಂಚು ಉಳಿಯಿತು! ಏರ್‌ಬಸ್ ಎ320ರಲ್ಲಿ 180 ಇದ್ದ ಸೀಟು 186 ಆದದ್ದರಲ್ಲಿ ಈ ಗಣಿತದ ಪಾಲೂ ಉಂಟು, ಹಿಂಬದಿಯ ಅಡುಗೆಕಟ್ಟೆ ಮತ್ತು ಶೌಚಾಲಯಗಳನ್ನು ಗೋಡೆಗೆ ಒತ್ತಿ ಕೂರಿಸಿದ್ದರ ಪಾಲೂ ಉಂಟು. ಸಿಬ್ಬಂದಿಯ ಖರ್ಚು ಮಾತ್ರ ಏರಲಿಲ್ಲ. 50 ಸೀಟಿಗೆ ಒಬ್ಬರು ಗಗನಸಖಿ ಎಂಬ ನಿಯಮದಂತೆ 180ಕ್ಕೂ ನಾಲ್ವರು, 186ಕ್ಕೂ ನಾಲ್ವರು.

ಹಾಗೆಂದು ಒತ್ತುತ್ತಲೇ ಹೋಗಲು ಬರುವುದಿಲ್ಲ. ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡಿನೊಳಗೆ ಎಲ್ಲರೂ ಹೊರಗಿಳಿಯಬೇಕೆಂಬ ಕಟ್ಟಳೆ ಇದೆ. ಬಾಗಿಲುಗಳ ಸಂಖ್ಯೆ, ಗಾತ್ರಕ್ಕೆ ತಕ್ಕಂತೆ ಪ್ರತಿ ವಿಮಾನಕ್ಕೂ ಒಂದು ಗರಿಷ್ಠ ಸಂಖ್ಯೆ ಗೊತ್ತುಮಾಡಿರುತ್ತಾರೆ. ಬೋಯಿಂಗ್ 737-800ಕ್ಕೆ ಅದು 189.

ಪಿಚ್ ಸುಳ್ಳು ಹೇಳುವುದಿಲ್ಲ, ಪೂರ್ತಿ ಸತ್ಯವನ್ನೂ ಹೇಳುವುದಿಲ್ಲ. ಪಿಚ್ಚಿನೊಳಗೆ ಸೀಟಿನ ಬೆನ್ನಿನ ದಪ್ಪವೂ ಸೇರಿದೆ. ಬೆನ್ನು ತೆಳುವಾದರೆ ಅದೇ ಪಿಚ್ಚಿನಲ್ಲಿ ಮೊಣಕಾಲಿಗೆ ಹೆಚ್ಚು ಜಾಗ. ತೆಳು ಸೀಟುಗಳು ಬಂದದ್ದು ಈ ತರ್ಕದ ಮೇಲೆಯೇ. ಬೆನ್ನಿನ ದಪ್ಪ ಫೋಮ್ ತೆಗೆದು ಬಾಗಿದ ಹಲಗೆಯ ಮೇಲೆ ತೆಳುವಾದ ಪದರ ಹಾಸಿದರು. ಮೊಣಕಾಲು ತಾಗುತ್ತಿದ್ದ ಎತ್ತರದಲ್ಲಿದ್ದ ಪುಸ್ತಕದ ಚೀಲವನ್ನು ಟ್ರೇಯ ಮೇಲಕ್ಕೆ ಏರಿಸಿದರು. ಚೀಲ ಮೇಲೇರಿಸಿದ್ದು ನಿಜಕ್ಕೂ ಜಾಣತನ. ಕವಡೆ ಖರ್ಚಿಲ್ಲದೆ ಮೊಣಕಾಲಿಗೆ ಇಂಚು ಸಿಕ್ಕಿತು. ಆದರೆ ಹಾಗೆ ಮಿಕ್ಕಿದ ಇಂಚನ್ನು ಪ್ರಯಾಣಿಕನಿಗೇ ಬಿಟ್ಟವರು ಕಡಿಮೆ. ಮುಂದಿನ ವರ್ಷ ಪಿಚ್ ಇನ್ನೊಂದು ತೂತಿನಷ್ಟು ಕಿರಿದಾಗುತ್ತದೆ.

ಹಗುರಾಗುವುದರ ಲಾಭ ಬೇರೆ. ಸೀಟಿಗೆ 2 ಕಿಲೋ ಉಳಿಸಿದರೆ 186 ಸೀಟಿಗೆ 372 ಕಿಲೋ. ಹೊತ್ತ ಭಾರದ ನೂರಕ್ಕೆ ಮೂರರಷ್ಟು ಇಂಧನ ಗಂಟೆಗೆ ಸುಡುತ್ತದೆ ಎಂಬುದು ಸ್ಥೂಲ ಲೆಕ್ಕ. ನಾಲ್ಕು ಗಂಟೆಯ ದುಬೈ ಹಾರಾಟಕ್ಕೆ ಸುಮಾರು 45 ಕಿಲೋ ಇಂಧನ ಉಳಿಯಿತು. ಒಂದು ಸಲಕ್ಕೆ ಇದು ದೊಡ್ಡದಲ್ಲ, ಆದರೆ ಅದೇ ವಿಮಾನ ದಿನಕ್ಕೆ ಎರಡು ಮೂರು ಸಲ, ವರ್ಷವಿಡೀ ಹಾರುತ್ತದೆ.

ಕೂತವರಿಗೆ ನಿಜವಾಗಿ ನೋವು ಕೊಡುವುದು ಕುಶನ್ನು. ಅದನ್ನು ಯಾವ ಜಾಹೀರಾತೂ ಹೇಳುವುದಿಲ್ಲ, ಟಿಕೇಟಿನ ಮೇಲೂ ಬರೆಯುವುದಿಲ್ಲ. ಸೀಟಿನ ಅಡಿಯಲ್ಲಿ ಅಡ್ಡಕ್ಕೆ ಎರಡು ಕೊಳವೆಗಳಿರುತ್ತವೆ, ತೊಡೆಯ ಕೆಳಗೊಂದು, ಪೃಷ್ಠದ ಹಿಂದೊಂದು. ನಡುವೆ ಬಿಗಿದ ಬಟ್ಟೆಯೋ ತೆಳು ತಗಡೋ, ಅದರ ಮೇಲೆ ಫೋಮ್, ಫೋಮಿನ ಸುತ್ತ ಬೆಂಕಿ ತಡೆಯುವ ಪದರ, ಎಲ್ಲಕ್ಕೂ ಮೇಲೆ ರೆಕ್ಸಿನ್ನಿನಂಥ ಹೊದಿಕೆ. ಬೆಂಕಿಯ ಪದರದಲ್ಲಿ ಯಾರೂ ಕೈಯಾಡಿಸುವಂತಿಲ್ಲ. ಸೀಮೆಎಣ್ಣೆಯ ಉರಿಯನ್ನು ಎರಡು ನಿಮಿಷ ಕುಶನ್ನಿಗೆ ಹಿಡಿದರೆ ಅದರ ತೂಕ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕಡಿಮೆಯಾಗಬಾರದು. ಅಮೆರಿಕದಲ್ಲಿ 1984ರಿಂದ ಈ ನಿಯಮವಿದೆ. ಹಾಗಾಗಿ ಕತ್ತರಿ ಬೀಳುವುದು ಫೋಮಿಗೆ. ಹೊಸದಿದ್ದಾಗ ತೆಳು ಫೋಮೂ ಹಿತವೇ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಯಾರಾದರೊಬ್ಬರು ಕೂತೇ ಇರುವಾಗ ಅದರ ಗುಳ್ಳೆಗಳು ಕುಸಿಯುತ್ತವೆ, ಮತ್ತೆ ಪೂರ್ತಿ ಏಳುವುದಿಲ್ಲ. ಆಮೇಲೆ ಎರಡನೆಯ ಗಂಟೆಗೆ ತೊಡೆಯ ಕೆಳಗೆ ಮುಂದಿನ ಕೊಳವೆ ತನ್ನ ಇರವನ್ನು ತಿಳಿಸುತ್ತದೆ. ಕಾಲು ಜೋಮು ಹಿಡಿದಾಗ ನಾವು ಬೈಯುವುದು ಮುಂದಿನ ಸೀಟನ್ನು. ತಪ್ಪು ಹೆಚ್ಚಾಗಿ ನಮ್ಮ ಅಡಿಯಲ್ಲೇ ಇರುತ್ತದೆ. ಹೊದಿಕೆಯ ಮುಂದಿನ ಅಂಚಿನಲ್ಲಿ ಸುಕ್ಕುಗಳಿದ್ದು, ಕೈಯಲ್ಲಿ ಒತ್ತಿದರೆ ಗಟ್ಟಿ ವಸ್ತು ತಾಗಿದರೆ ಆ ಕುಶನ್ನಿನ ಆಯುಸ್ಸು ಮುಗಿದಿದೆ ಎಂದರ್ಥ. ಮಡಚಿದ ಶಾಲೊಂದನ್ನು ಕೊಳವೆಯ ಮೇಲೆ ಇಡದೆ ಅದರ ಹಿಂದೆ, ಪೃಷ್ಠದ ಅಡಿಗೆ ಇಟ್ಟುಕೊಂಡರೆ ತೊಡೆಯ ಮೇಲಿನ ಒತ್ತಡ ಇಳಿಯುತ್ತದೆ.

ಇಷ್ಟು ತೆಳುವಾದದ್ದು ಗಟ್ಟಿ ಉಂಟೋ ಎಂಬ ಅನುಮಾನ ಬೇಡ. ಈಗಿನ ಸೀಟು ಮುಂದಕ್ಕೆ ಗುರುತ್ವದ 16 ಪಟ್ಟು ಹೊಡೆತ ತಾಳಬೇಕು, ಪರೀಕ್ಷೆಗೆಂದು ಕೂರಿಸಿದ ಗೊಂಬೆಯ ತಲೆಗೆ ತಾಗುವ ಪೆಟ್ಟೂ ಮಿತಿಯೊಳಗಿರಬೇಕು. ಅಮೆರಿಕ ಇದನ್ನು ಹೊಸ ಮಾದರಿಯ ವಿಮಾನಗಳಿಗೆ 1988ರಲ್ಲಿ ತಂದಿತು. ದಪ್ಪ ಮೆತ್ತೆಯ ಹಳೆಯ ಸೀಟುಗಳೆಷ್ಟೋ ಈ ಪರೀಕ್ಷೆಯನ್ನು ಕಂಡವೇ ಅಲ್ಲ. ಸುರಕ್ಷೆ ಏರಿತು, ಸುಖ ಇಳಿಯಿತು. ಎರಡೂ ಒಟ್ಟೊಟ್ಟಿಗೆ ಆದವು.

ಅಗಲದ ವಿಷಯಕ್ಕೆ ಬಂದರೆ ಹಳಿಯ ತೂತಿನ ಆಟ ನಡೆಯುವುದಿಲ್ಲ, ವಿಮಾನದ ಹೊಟ್ಟೆ ಎಷ್ಟೋ ಅಷ್ಟೇ. 737ರಲ್ಲಿ ಒಂದು ಬದಿಗೆ 17 ಇಂಚಿನ ಮೂರು ಸೀಟು, 2 ಇಂಚಿನ ನಾಲ್ಕು ಆರ್ಮ್‌ರೆಸ್ಟ್, ಒಟ್ಟು 59. ಎರಡು ಬದಿಗೆ 118, ನಡುವಿನ ದಾರಿಗೆ 20 ಬಿಟ್ಟರೆ 138. ಒಳಗಿನ ಅಗಲವೇ ಸುಮಾರು 139 ಇಂಚು. ಎ320ರ ಹೊಟ್ಟೆ ಇದಕ್ಕಿಂತ ಆರೇಳು ಇಂಚು ಹೆಚ್ಚು ಅಗಲ, ಹಾಗಾಗಿ ಅಲ್ಲಿ 18 ಇಂಚಿನ ಸೀಟು ಹಿಡಿಸುತ್ತದೆ. ಒಂದಿಂಚು ಏನು ಮಹಾ ಎನ್ನುವವರು ನಡುವಿನ ಸೀಟಿನಲ್ಲಿ ಒಮ್ಮೆ ಕೂತು ನೋಡಬೇಕು. ಸೀಟನ್ನು ಅಳೆಯುವುದು ಎರಡು ಆರ್ಮ್‌ರೆಸ್ಟ್‌ಗಳ ನಡುವೆ, ಎಂದರೆ ಸೊಂಟದ ಮಟ್ಟದಲ್ಲಿ. ಮನುಷ್ಯ ಅಗಲವಾಗುವುದು ಭುಜದ ಮಟ್ಟದಲ್ಲಿ. ಮೂವರು ಗಂಡಸರು ಒಂದೇ ಸಾಲಿನಲ್ಲಿ ಬಂದರೆ ಒಬ್ಬನ ಭುಜ ದಾರಿಗೆ ಚಾಚಿ ತಳ್ಳುಗಾಡಿಯ ಪೆಟ್ಟು ತಿನ್ನುತ್ತದೆ, ಇನ್ನೊಬ್ಬನದು ಗೋಡೆಗೆ ಒರಗುತ್ತದೆ, ನಡುವಿನವನು ಕೈ ಕಟ್ಟಿ ಪುರೋಹಿತರ ಎದುರು ಕೂತ ಮದುಮಗನಾಗುತ್ತಾನೆ. ನನ್ನನ್ನು ಕೇಳಿದರೆ ಪಿಚ್ಚಿನ ಒಂದಿಂಚಿಗಿಂತ ಅಗಲದ ಒಂದಿಂಚು ಮೇಲು. ದುಬೈಯಿಂದ ಮುಂದಕ್ಕೆ ಅಮೆರಿಕಕ್ಕೋ ಯುರೋಪಿಗೋ ಹೋಗುವವರು ಇದನ್ನು ನೋಡಿಯೇ ಟಿಕೇಟು ಮಾಡುವುದು ಒಳ್ಳೆಯದು. ಬೋಯಿಂಗ್ 777ರಲ್ಲಿ ಮೊದಲು ಸಾಲಿಗೆ ಒಂಬತ್ತು ಸೀಟು ಸಾಮಾನ್ಯವಾಗಿತ್ತು, ಈಗ ಹೆಚ್ಚಿನವರು ಹತ್ತು ಹಾಕುತ್ತಾರೆ. ಹದಿನೆಂಟು ಚಿಲ್ಲರೆ ಇಂಚಿನ ಸೀಟು ಹದಿನೇಳಕ್ಕೆ ಇಳಿದದ್ದು ಹೀಗೆ. ಹದಿನಾಲ್ಕು ಗಂಟೆಯ ಹಾರಾಟದಲ್ಲಿ ಆ ವ್ಯತ್ಯಾಸ ಮರೆಯಲಾಗದ್ದು.

ಹಿಂದಕ್ಕೆ ಬಾಗುವ ಸೀಟು ಮಾಯವಾಗುತ್ತಿರುವುದಕ್ಕೆ ಪಿಚ್ ಒಂದೇ ಕಾರಣವಲ್ಲ. ಗುಂಡಿ, ಅದರಿಂದ ಹೊರಟ ತಂತಿ, ಕೊನೆಗೊಂದು ಎಣ್ಣೆ ತುಂಬಿದ ಬೀಗದ ಕೊಳವೆ, ಇಷ್ಟೂ ಪ್ರತಿ ಸೀಟಿಗೆ ಬೇಕು. ಗುಂಡಿ ಒಳಗೆ ಹೋಗಿ ಸಿಕ್ಕಿಬೀಳುತ್ತದೆ, ತಂತಿ ಸಡಿಲವಾಗುತ್ತದೆ, ಬೀಗ ಸೋರಿ ಬೆನ್ನು ನೆಟ್ಟಗೆ ನಿಲ್ಲುವುದೇ ಇಲ್ಲ. ಬೆನ್ನು ನೆಟ್ಟಗೆ ನಿಲ್ಲದ ಸೀಟಿನಲ್ಲಿ ಟೇಕಾಫಿನ ಹೊತ್ತಿಗೆ ಯಾರನ್ನೂ ಕೂರಿಸುವಂತಿಲ್ಲ, ಎಂದರೆ ಒಂದು ಟಿಕೇಟಿನ ಹಣ ಹೋಯಿತು. ಆದ್ದರಿಂದ ಕಾರ್ಖಾನೆಯಲ್ಲೇ ತುಸು ಬಾಗಿಸಿ ಬಿಗಿದುಬಿಡುತ್ತಾರೆ. ತೂಕ ಕಡಿಮೆ, ರಿಪೇರಿ ಕಡಿಮೆ, ಜಗಳವೂ ಕಡಿಮೆ. 2014ರಲ್ಲಿ ಅಮೆರಿಕದಲ್ಲಿ ಒಬ್ಬ ಪ್ರಯಾಣಿಕ ಮುಂದಿನ ಸೀಟು ಬಾಗದಂತೆ ಪ್ಲಾಸ್ಟಿಕ್ ಹಿಡಿಕೆ ಸಿಕ್ಕಿಸಿ, ಮುಂದಿನಾಕೆ ಅವನ ಮೇಲೆ ನೀರೆರಚಿ, ವಿಮಾನವನ್ನೇ ಶಿಕಾಗೋದಲ್ಲಿ ಇಳಿಸಬೇಕಾಯಿತು. ನಮ್ಮ ಕೊಲ್ಲಿ ವಿಮಾನಗಳಲ್ಲಿ ಅಷ್ಟಾಗುವುದಿಲ್ಲ. "ಅಣ್ಣಾ, ಸೀಟು ಸ್ವಲ್ಪ ಮುಂದೆ ಮಾಡ್ತೀರಾ, ಊಟ ಮುಗಿಸಿಬಿಡ್ತೇನೆ" ಎಂದರೆ ತುಳು, ಬ್ಯಾರಿ, ಮಲಯಾಳ, ಕನ್ನಡ ಯಾವುದರಲ್ಲಿ ಹೇಳಿದರೂ ಕೆಲಸ ಆಗುತ್ತದೆ.

ಸೀಟು ಆರಿಸುವವರಿಗೆ ನಾಲ್ಕು ಮಾತು. ರೆಕ್ಕೆಯ ಮೇಲಿನ ತುರ್ತು ಬಾಗಿಲಿನ ಸಾಲಿನಲ್ಲಿ ಕಾಲಿಗೆ ಧಾರಾಳ ಜಾಗ. ಅದು ಕಂಪೆನಿಯ ಔದಾರ್ಯವಲ್ಲ, ಜನ ನುಗ್ಗಿ ಹೊರಡಲು ಕಾನೂನು ಬಿಡಿಸಿದ ದಾರಿ. ಅದಕ್ಕೂ ಈಗ ಬೇರೆ ಹಣ. ಆ ಸಾಲಿನ ಮುಂದಿನ ಸಾಲು ದಾರಿಗೆ ಅಡ್ಡ ಬರಬಾರದೆಂದು ಬಾಗುವುದಿಲ್ಲ, ಹಣ ಕೊಟ್ಟು ಅದನ್ನು ತಗೊಳ್ಳಬೇಡಿ. ಎಲ್ಲಕ್ಕೂ ಮುಂದಿನ ಸಾಲಿನಲ್ಲಿ ಟ್ರೇ ಆರ್ಮ್‌ರೆಸ್ಟಿನೊಳಗೆ ಮಡಚಿರುವುದರಿಂದ ಆ ಆರ್ಮ್‌ರೆಸ್ಟು ಮೇಲೇಳದು, ಸೀಟೂ ಚೂರು ಇಕ್ಕಟ್ಟು. ಕಿಟಕಿ ಸೀಟೆಂದು ಹಣ ತೆತ್ತವರ ಭುಜದ ಪಕ್ಕ ಬರೀ ಗೋಡೆ ಬರುವುದೂ ಉಂಟು. 737ರ ಕಿಟಕಿಗಳು 20 ಇಂಚಿಗೊಂದರಂತೆ ಪಕ್ಕೆಲುಬುಗಳ ನಡುವೆ ಇವೆ, ಸಾಲುಗಳು 29ಕ್ಕೋ 30ಕ್ಕೋ ಒಂದು; ಎರಡೂ ಎಲ್ಲೋ ಕೆಲವು ಕಡೆ ಮಾತ್ರ ಕೂಡುತ್ತವೆ. ಇನ್ನು ಕುವೈಟಿನಂತೆ ನಾಲ್ಕು ಗಂಟೆ ದಾಟುವ ಹಾರಾಟವಾದರೆ ಎದ್ದು ಓಡಾಡಿ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ. ನಾಲ್ಕು ಗಂಟೆಗೆ ಮೀರಿ ಹೀಗೆ ಕೂತರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2007ರಲ್ಲಿ ಹೇಳಿತು. ಮೂಲ ಅಪಾಯವೇ ಸಣ್ಣದು, ಹೆದರಬೇಕಾಗಿಲ್ಲ. ಆದರೂ ಹಿಮ್ಮಡಿ ಎತ್ತಲು ಕಾಸು ಕೊಡಬೇಕಾಗಿಲ್ಲವಲ್ಲ.

ಸರಕಾರಗಳು ಏನು ಮಾಡುತ್ತವೆ? ಬ್ರಿಟನ್ನು 1989ರಲ್ಲಿ ಸರಿಯಾದ ಜಾಗಕ್ಕೆ ಟೇಪು ಹಿಡಿಯಿತು: ಬೆನ್ನ ಕುಶನ್ನಿನಿಂದ ಮುಂದಿನ ಸೀಟಿನ ಹಿಂಬದಿಗೆ ಕನಿಷ್ಠ 26 ಇಂಚು. ಪಿಚ್ಚನ್ನು ಬಿಟ್ಟು ಉಳಿದ ಜಾಗವನ್ನೇ ಅಳೆದದ್ದು ವಿವೇಕ. ಅಮೆರಿಕದ ಸಂಸತ್ತು ಕನಿಷ್ಠ ಅಳತೆ ಗೊತ್ತುಮಾಡಿರೆಂದು 2018ರಲ್ಲಿ ಕಾನೂನನ್ನೇ ಮಾಡಿತು. ವಿಮಾನಯಾನ ಇಲಾಖೆ 720 ಜನರನ್ನು ಕೂರಿಸಿ, ಇಳಿಸಿ ಪರೀಕ್ಷೆ ಮಾಡಿತು. ಅದರಲ್ಲಿ ಮಕ್ಕಳಿರಲಿಲ್ಲ, 60 ದಾಟಿದವರೂ ಇರಲಿಲ್ಲ. ಬಜ್ಪೆಯಿಂದ ಏಳುವ ವಿಮಾನದಲ್ಲಿ ಮಗಳ ಬಾಣಂತನಕ್ಕೆ ಹೊರಟ ಅಮ್ಮಂದಿರು, ರಜೆ ಮುಗಿಸಿ ಹೊರಟ ಮಕ್ಕಳು ಎಷ್ಟಿರುತ್ತಾರೆ ಎಂದು ನೋಡಿದವರಿಗೆ ಆ ಪರೀಕ್ಷೆಯ ಬೆಲೆ ತಿಳಿಯುತ್ತದೆ. 2022ರಲ್ಲಿ ಅಭಿಪ್ರಾಯ ಕೇಳಿದಾಗ 26,000ಕ್ಕೂ ಹೆಚ್ಚು ಪತ್ರಗಳು ಬಂದವು. ಕನಿಷ್ಠ ಅಳತೆ ಗೊತ್ತುಮಾಡಲು ಇಲಾಖೆಗೆ ಆದೇಶ ಕೊಡಿರೆಂಬ ಪ್ರಯಾಣಿಕರ ಅರ್ಜಿಯನ್ನು 2023ರಲ್ಲಿ ಕೋರ್ಟು ತಳ್ಳಿಹಾಕಿತು.

ಈ ನಡುವೆ ಇಟಲಿಯ ಒಂದು ಸೀಟು ಕಂಪೆನಿ ಕುದುರೆಯ ಜೀನಿನಂತೆ ಅರ್ಧ ನಿಂತು ಅರ್ಧ ಕೂರುವ ಸೀಟನ್ನು 2010ರಲ್ಲಿ ತೋರಿಸಿತು, 2018ರಲ್ಲಿ ತಿದ್ದಿ ಮತ್ತೆ ತಂದಿತು. ಪಿಚ್ 23 ಇಂಚು. ಪತ್ರಿಕೆಗಳಲ್ಲಿ ಚಿತ್ರ ನೋಡಿದವರೆಲ್ಲ ಇನ್ನು ಟಿಕೇಟು ಅರ್ಧ ಬೆಲೆಗೆ ಎಂದರು. ಅದೇ 900 ಇಂಚಿಗೆ ಹಾಕಿ ನೋಡಿ: 39 ಸಾಲು, 234 ಜನ. 737-800ರ ಬಾಗಿಲುಗಳು ಬಿಡುವುದು 189 ಜನರನ್ನು. ಮಿಕ್ಕ 45 ಜನರಿಗೆ ವಿಮಾನದ ಹೊಟ್ಟೆ ಕೊಯ್ದು ಹೊಸ ಬಾಗಿಲು ಮಾಡಿಸಬೇಕು, ಐದನೆಯ ಗಗನಸಖಿಗೆ ಸಂಬಳ ಕೊಡಬೇಕು. ಆ ಸೀಟನ್ನು ಇದುವರೆಗೆ ಯಾವ ವಿಮಾನ ಕಂಪೆನಿಯೂ ಹಾಕಿಸಿಕೊಂಡಿಲ್ಲ.