ದುಡ್ಡಿದ್ದರೆ ರೀಲಿಗೆ ಹಾಕಿ, ರಾಡಿಗೆ ಬೇಡ

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ಹುಡುಗನೊಬ್ಬ ಫೋನ್ ಹಿಡಿದುಕೊಂಡು ಮನೆಗೆ ಬಂದ. ಕಾರ್ಟ್‌ನಲ್ಲಿ ಮೀನು ಹಿಡಿಯುವ ಒಂದು ರಾಡ್, ಅದಕ್ಕೆ ದಾರ ಸುತ್ತುವ ಒಂದು ರೀಲ್. ಎರಡೂ ಸೇರಿ 22,000 ರೂಪಾಯಿ. "ಅಂಕಲ್, ಮೊದಲ ಸಂಬಳ ಬಂತು, ತಗೊಂಡುಬಿಡಲಾ?" ಅಂದ. ಬೇಡ ಅಂದೆ. ಯಾಕೆ ಬೇಡ ಅಂತ ಬಿಡಿಸಿ ಹೇಳುವಷ್ಟರಲ್ಲಿ ಎರಡು ಸಲ ಕಾಫಿ ಆಯಿತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ಕೇಳುವವರು ಜಾಸ್ತಿ ಆಗಿದ್ದಾರೆ, ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಟ್ಟು ನನಗೇ ಬೇಜಾರಾಗಿದೆ.

ನಾನು ಗಾಳ ಹಾಕಲು ಕಲಿತದ್ದು ಮಾಗಡಿ ಕಡೆ ಅಜ್ಜಿ ಊರಿನ ಕೆರೆಯಲ್ಲಿ. ಬಿದಿರು ಕಡ್ಡಿ, ತಂಗೂಸಿ, ಬೆಂಡು, ತೆಂಗಿನ ಚಿಪ್ಪಿನಲ್ಲಿ ಎರೆಹುಳ. ಈಗ ಭಾನುವಾರ ಸಿಕ್ಕರೆ ದೊಡ್ಡಬಳ್ಳಾಪುರದ ಕಡೆಗೋ ನೆಲಮಂಗಲದ ಕಡೆಗೋ ಹೋಗಿ, ದುಡ್ಡು ಕೊಟ್ಟು ಗಾಳ ಹಾಕುವ ಹೊಂಡಗಳಲ್ಲಿ ಕೂರುತ್ತೇನೆ. ಕಾಟ್ಲಾ, ರೋಹು, ಗೆಂಡೆ. ಬೆಂಗಳೂರಲ್ಲಿ ಗಾಳದ ಹುಚ್ಚು ಇರುವ ಬಹಳ ಜನರ ಮೀನುಗಾರಿಕೆ ಇಷ್ಟೇ. ಹಾಗಾಗಿ ನಾನು ಹೇಳುವುದೂ ಇಂಥವರಿಗೇ.

"ಹಳ್ಳಿಯವರು ಬಿದಿರು ಕಡ್ಡಿಯಲ್ಲೇ ಹಿಡೀತಾರೆ, ರಾಡು ರೀಲು ಎಲ್ಲಾ ಶೋಕಿ" ಅಂತ ಒಂದು ಮಾತಿದೆ. ನಾನು ಒಪ್ಪುವುದಿಲ್ಲ. ಕೆರೆ ಅಂಚಿನಲ್ಲಿ ಕೂತು 200 ಗ್ರಾಂ ಜಿಲೇಬಿ ಮೀನು ಎತ್ತಲು ಬಿದಿರಿಗಿಂತ ಒಳ್ಳೆಯದು ಇಲ್ಲ, ನಿಜ. ಆದರೆ 8 ಕಿಲೋ ಕಾಟ್ಲಾ ಹೊಂಡದ ನಡುವಿಗೆ ಓಡಲು ಶುರು ಮಾಡಿದಾಗ ದಾರ ಬಿಡಲು ಏನಾದರೂ ಬೇಕಲ್ವಾ? ಕಡ್ಡಿಯ ತುದಿಗೆ ಕಟ್ಟಿದ ದಾರ ಉದ್ದ ಆಗುವುದಿಲ್ಲ. ಆಗ ಮುರಿಯುವುದು ಕಡ್ಡಿ, ಇಲ್ಲವೇ ದಾರ. ಜಿಲೇಬಿ ಹಿಡಿಯುವುದೂ ದೊಡ್ಡ ಮೀನಿನ ಜೊತೆ ಸೆಣಸುವುದೂ ಬೇರೆ ಬೇರೆ ಕೆಲಸ.

2016ರಲ್ಲಿ ನನ್ನ ಕೈಯಲ್ಲಿ 900 ರೂಪಾಯಿಯ ಕಾಂಬೋ ಸೆಟ್ ಇತ್ತು. ಒಂದರೊಳಗೊಂದು ಮಡಚುವ ರಾಡ್, ಜೊತೆಗೆ ರೀಲ್, ಅದರಲ್ಲಿ ಮೊದಲೇ ಸುತ್ತಿದ ದಾರ. ರಾಗಿ ಹಿಟ್ಟು, ಕಡಲೆಕಾಯಿ ಹಿಂಡಿ, ಸ್ವಲ್ಪ ಬೆಲ್ಲ ಕಲಸಿ ಉಂಡೆ ಹಾಕಿದ್ದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಬೆಂಡು ನಿಧಾನವಾಗಿ ಪಕ್ಕಕ್ಕೆ ಸರಿಯಿತು, ಆಮೇಲೆ ಕಾಣಲೇ ಇಲ್ಲ. ಎಳೆದೆ. ಮೀನು ಓಡಿತು. ರೀಲ್ ಒಂದೆರಡು ಅಡಿ ದಾರ ಬಿಟ್ಟಿತು, ನಿಂತಿತು, ಜಗ್ಗಿ ಮತ್ತೆ ಒಂದಡಿ ಬಿಟ್ಟಿತು, ಮತ್ತೆ ಗಟ್ಟಿಯಾಗಿ ಕಚ್ಚಿಕೊಂಡಿತು. ಗಂಟಿನ ಹತ್ತಿರ ದಾರ ಕಿತ್ತುಹೋಯಿತು. ಒಂದೇ ಒಂದು ಸಲ ನೀರಿನ ಮೇಲೆ ಅದರ ಅಗಲ ಬೆನ್ನು ಕಂಡಿತ್ತು. ಕೊಕ್ಕೆ ಅದರ ಬಾಯಲ್ಲೇ ಉಳಿಯಿತು. ಮೀನು ತಪ್ಪಿತು ಅನ್ನುವುದಕ್ಕಿಂತ ಜಾಸ್ತಿ ಆ ಕೊಕ್ಕೆ ನನ್ನನ್ನು ಕಾಡಿತು. ನಾನು ಹಿಡಿದ ದೊಡ್ಡ ಮೀನು ವಾಪಸ್ ಬಿಡುವವನು. ಬಿಡುವ ಮನಸ್ಸಿದ್ದೂ ಬಾಯಿಗೆ ಕಬ್ಬಿಣ ಚುಚ್ಚಿ ಕಳಿಸಿದೆನಲ್ಲ ಅನ್ನಿಸಿತು.

ಅವತ್ತು ರಾತ್ರಿ ಊಟದ ಟೇಬಲ್ ಮೇಲೆ ಪೇಪರ್ ಹಾಸಿ ಆ ರೀಲ್ ಬಿಚ್ಚಿದೆ. ಮೇಲಿನ ತಿರುಪು ತೆಗೆದರೆ ಒಳಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಬಿಲ್ಲೆಗಳು. ಒಂದು ಲೋಹದ್ದು, ಒಂದು ಉಣ್ಣೆ ಬಟ್ಟೆಯಂಥದ್ದು, ಮತ್ತೆ ಲೋಹದ್ದು. ಬಟ್ಟೆಯ ಬಿಲ್ಲೆ ಒಂದು ಕಡೆ ಹರಿದು, ಸುರುಳಿ ಸುತ್ತಿ, ಮುದ್ದೆಯಾಗಿ ಕೂತಿತ್ತು. ಗ್ರೀಸ್ ಒಣಗಿ ಕಪ್ಪಾಗಿತ್ತು. ಡ್ರ್ಯಾಗ್ ಅನ್ನುವುದು ಇದನ್ನೇ. ಬೈಕಿನ ಬ್ರೇಕ್ ಥರ. ಬಿಲ್ಲೆಗಳು ಒಂದಕ್ಕೊಂದು ಉಜ್ಜಿಕೊಂಡು, ದಾರ ತಡೆಯುವುದಕ್ಕಿಂತ ಕಡಿಮೆ ಎಳೆತದಲ್ಲೇ ಜಾರಿ ದಾರ ಬಿಡಬೇಕು. ನಿಂತು ನಿಂತು ಜಾರಿದರೆ ಪ್ರತಿ ಸಲವೂ ದಾರಕ್ಕೆ ಒಂದು ಜಗ್ಗು ಬೀಳುತ್ತದೆ, ಆ ಜಗ್ಗಿಗೇ ಅದು ತುಂಡಾಗುವುದು.

ಅದಕ್ಕೇ ರೀಲಿಗೆ ದುಡ್ಡು ಹಾಕಿ ಅನ್ನುವುದು. ನನ್ನ ಅನುಭವದಲ್ಲಿ 900 ರೂಪಾಯಿ ರೀಲಿಗೂ 3,000 ರೂಪಾಯಿ ರೀಲಿಗೂ ಅಜಗಜಾಂತರ. ಶಿಮಾನೊ, ಡೈವಾ ಥರದ ಹಳೇ ಕಂಪನಿಗಳ ಕೆಳಗಿನ ಮಾಡೆಲ್‌ಗಳಲ್ಲೂ ಡ್ರ್ಯಾಗ್ ನಂಬುವ ಹಾಗಿರುತ್ತದೆ. ಅಲ್ಲಿಂದ 15,000ಕ್ಕೆ ಹೋದರೆ ತಿರುಗುವುದು ಬೆಣ್ಣೆ ಥರ, ತೂಕ ಕಡಿಮೆ, ಒಳಗಿನ ಗೇರ್ ಗಟ್ಟಿ, ವರ್ಷಾನುಗಟ್ಟಲೆ ಬಾಳಿಕೆ. ಎಲ್ಲಾ ನಿಜ. ಆದರೆ ತಿಂಗಳಿಗೆ ಎರಡು ಭಾನುವಾರ ಹಿಟ್ಟು ಹಾಕಿ ಕಾಯುವವನಿಗೆ ಅದರಿಂದ ಒಂದು ಮೀನೂ ಜಾಸ್ತಿ ಸಿಗುವುದಿಲ್ಲ. ಇನ್ನು ಡಬ್ಬಿ ಮೇಲೆ 13 ಬೇರಿಂಗ್, 14 ಬೇರಿಂಗ್ ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದನ್ನು ನೋಡಿ ಕೊಳ್ಳಲೇಬೇಡಿ. ಒಳ್ಳೆಯ ಮೂರು ನಾಲ್ಕು ಬೇರಿಂಗ್ ಸಾಕು, ಕೆಟ್ಟವು ಹದಿನಾಲ್ಕಿದ್ದರೂ ಒಂದು ಮಳೆಗಾಲಕ್ಕೆ ಕರಕರ ಅನ್ನುತ್ತವೆ.

ರಾಡ್ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಇನ್ನೂ ಖಡಕ್. 2019ರಲ್ಲಿ 14,000 ಕೊಟ್ಟು ಗ್ರಾಫೈಟ್ ರಾಡ್ ತಗೊಂಡೆ. ಕೈಯಲ್ಲಿ ಹಿಡಿದರೆ ಗರಿ ಹಿಡಿದ ಹಾಗಿತ್ತು. ಮೂರನೇ ಟ್ರಿಪ್‌ನಲ್ಲಿ ಒಂದು ಗೆಂಡೆ ಕಾಲ ಹತ್ತಿರ ಬಂದಾಗ, ಬಲೆ ಹಿಡಿಯಲು ಬಗ್ಗಿ, ರಾಡನ್ನು ತಲೆಯ ಹಿಂದಕ್ಕೆ ನೆಟ್ಟಗೆ ಎತ್ತಿದೆ. ತುದಿಯಿಂದ ಒಂದೂವರೆ ಅಡಿ ಕೆಳಗೆ ಟಪ್ ಅಂತ ಮುರಿಯಿತು. ದುಬಾರಿ ರಾಡ್ ಹಗುರ ಇರುವುದು ಅದರ ಗೋಡೆ ತೆಳ್ಳಗಿರುವುದರಿಂದ. ದೂರದ ಸಣ್ಣ ಕಚ್ಚಾಟವೂ ಕೈಗೆ ತಿಳಿಯುತ್ತದೆ, ಆದರೆ ಕಲ್ಲಿಗೆ ತಾಗಿದ್ದು, ಕಾರಿನ ಬಾಗಿಲಿಗೆ ಸಿಕ್ಕಿದ್ದು, ತಪ್ಪಾಗಿ ಎತ್ತಿದ್ದು ಯಾವುದನ್ನೂ ಅದು ಕ್ಷಮಿಸುವುದಿಲ್ಲ. ಫೈಬರ್‌ಗ್ಲಾಸ್ ರಾಡ್ ಭಾರ, ಆದರೆ ಬಗ್ಗುತ್ತದೆ, ಮೀನಿನ ಜಗ್ಗಾಟವನ್ನು ನುಂಗಿಕೊಳ್ಳುತ್ತದೆ. ಬೆಂಡು ನೋಡಿ ಗಾಳ ಎಳೆಯುವವರಿಗೆ ಕೈಗೆ ಏನು ತಿಳಿಯಬೇಕು ಹೇಳಿ? ಕಣ್ಣಿಗೇ ಕಾಣುತ್ತಲ್ಲ.

ಒಂದು ಹಳೇ ವಿಷಯ ಹೇಳುತ್ತೇನೆ. ಗ್ರಾಫೈಟ್ ರಾಡ್ ಅಂಗಡಿಗೆ ಬಂದದ್ದೇ 1973ರಲ್ಲಿ, ಅಮೆರಿಕದ ಫೆನ್‌ವಿಕ್ ಕಂಪನಿಯಿಂದ. ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 120 ಪೌಂಡಿನ ಮಹಶೀರ್ ಅನ್ನುವ ದೊಡ್ಡ ನದಿ ಮೀನು ಹಿಡಿದದ್ದು 1946ರಲ್ಲಿ. ಸುಮಾರು 54 ಕಿಲೋ, ಅದೂ ಗ್ರಾಫೈಟ್ ರಾಡ್ ಬರುವ ಮುಂಚೆಯೇ! ಆಮೇಲೆ ಕಾವೇರಿ ದಂಡೆಯ ಭೀಮೇಶ್ವರಿ, ಗಾಲಿಬೋರೆ ಮೀನುಗಾರಿಕೆ ಕ್ಯಾಂಪುಗಳಿಗೆ ಇಂಗ್ಲೆಂಡಿನಿಂದ ಬಂದು ಹೋಗುತ್ತಿದ್ದವರೂ ಕೊಕ್ಕೆಗೆ ಸಿಕ್ಕಿಸುತ್ತಿದ್ದದ್ದು ನಮ್ಮ ರಾಗಿ ಮುದ್ದೆಯನ್ನೇ. ಕಾವೇರಿಯ ಆ ಮಹಶೀರನ್ನು 2018ರಲ್ಲಿ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಅಳಿವಿನ ತೀವ್ರ ಅಪಾಯದಲ್ಲಿರುವ ಪಟ್ಟಿಗೆ ಸೇರಿಸಿದೆ, ಅದರ ಮೇಲೆ ಯಾರೂ ಕಣ್ಣು ಹಾಕಬೇಡಿ ದಯವಿಟ್ಟು.

ಹೊಸಬರಿಗೆ ಇನ್ನೊಂದು ಮಾತು, ಇದು ದುಡ್ಡಿನದಲ್ಲ. ಗ್ರಾಫೈಟ್‌ನಲ್ಲಿ ಕರೆಂಟ್ ಹರಿಯುತ್ತದೆ. ನಾವು ಹೋಗುವ ಹೊಂಡಗಳೆಲ್ಲ ತೋಟದ ಪಕ್ಕ, ಪಂಪ್‌ಸೆಟ್ ತಂತಿ ತಲೆ ಮೇಲೆ ಜೋತಾಡುತ್ತಿರುತ್ತದೆ. ರಾಡ್ ಎತ್ತುವ ಮುಂಚೆ ಮೇಲೆ ನೋಡಿ. ಗುಡುಗು ಶುರುವಾದರೆ ರಾಡ್ ಕೆಳಗಿಟ್ಟು ಎದ್ದುಬಿಡಿ.

ಹಾಗಾದರೆ ದುಬಾರಿ ಸಾಮಾನು ಯಾರಿಗೂ ಬೇಡವಾ? ಬೇಕಾದವರಿದ್ದಾರೆ. ಕೊರವ ಮೀನನ್ನು ಸೆಳೆಯಲು ಕೊಕ್ಕೆ ಇರುವ ಪ್ಲಾಸ್ಟಿಕ್ ಕಪ್ಪೆ ಎಸೆಯುವವರು ದಿನಕ್ಕೆ ನೂರಾರು ಸಲ ಎಸೆಯುತ್ತಾರೆ, ಅವರ ಕೈಗೆ ಒಂದೊಂದು ಗ್ರಾಂ ಕೂಡ ಲೆಕ್ಕ. ಕಾರವಾರ, ಮಲ್ಪೆ ಕಡೆ ಸಮುದ್ರದ ಬಂಡೆ ಮೇಲೆ ನಿಂತು ಹಾಕುವವರ ರೀಲಿಗೆ ಉಪ್ಪು ನೀರು ಹೊಕ್ಕರೆ ಮುಗಿಯಿತು, ಒಳಗೆ ನೀರು ಹೋಗದ ಹಾಗೆ ಸೀಲ್ ಮಾಡಿದ ರೀಲ್ ಅವರಿಗೆ ಬೇಕೇ ಬೇಕು. ಅವರು ಕೊಡುವ ದುಡ್ಡಿಗೆ ಅರ್ಥ ಇದೆ.

ನಮ್ಮಂಥವರು ಉಳಿದ ದುಡ್ಡನ್ನು ತಂಗೂಸಿಗೆ, ಕೊಕ್ಕೆಗೆ ಹಾಕಬೇಕು. ನೈಲಾನ್ ದಾರ ಬಿಸಿಲಿಗೆ ಸಾಯುತ್ತದೆ, ವರ್ಷಕ್ಕೊಮ್ಮೆ ಬದಲಾಯಿಸಿ. ಕೊಕ್ಕೆಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ, ಜಾರಿದರೆ ಮೊಂಡು, ಕಚ್ಚಿಕೊಂಡರೆ ಚೂಪು. ಗಂಟು ಬಿಗಿಯುವಾಗ ಎಂಜಲು ಹಚ್ಚಿ, ಒಣ ಗಂಟು ಉಜ್ಜಿ ಬಿಸಿಯಾಗಿ ದಾರ ಸೋಲುತ್ತದೆ. ರಾಡಿನ ಉಂಗುರಗಳ ಒಳಗೆ ಸ್ವಲ್ಪ ಹತ್ತಿ ಆಡಿಸಿ ನೋಡಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಅದೇ ನಿಮ್ಮ ದಾರ ಕೊಯ್ಯುವ ಬ್ಲೇಡು. ಈ ಪರೀಕ್ಷೆಗಳಿಗೆಲ್ಲ ದುಡ್ಡೇ ಬೇಡ.

ಹುಡುಗ ಕಾರ್ಟ್ ಖಾಲಿ ಮಾಡಿದ. ರೀಲಿಗೆ 3,200, ಫೈಬರ್‌ಗ್ಲಾಸ್ ರಾಡಿಗೆ 1,800, ದಾರಕ್ಕೆ 550, ಕೊಕ್ಕೆ ಬೆಂಡು ಸೀಸಕ್ಕೆ 300. ಒಟ್ಟು 5,850. ಶನಿವಾರ ಸಂಜೆ ನಮ್ಮ ಬಾಲ್ಕನಿಯಲ್ಲಿ ಕೂತು ದಾರ ಸುತ್ತಿದೆವು. ಅವನು ರೀಲ್ ತಿರುಗಿಸಿದ, ನಾನು ಒದ್ದೆ ಬಟ್ಟೆಯಲ್ಲಿ ದಾರ ಬಿಗಿ ಹಿಡಿದೆ. 12 ಪೌಂಡಿನ ದಾರ, ಅಂದರೆ ಸುಮಾರು ಐದೂವರೆ ಕಿಲೋ ತಡೆಯುತ್ತದೆ. ಡ್ರ್ಯಾಗ್ ಅದರ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಇರಲಿ ಅಂತ ದಾರದ ತುದಿಯನ್ನು ಲಗೇಜ್ ತೂಗುವ ತಕ್ಕಡಿಗೆ ಕಟ್ಟಿ ಎಳೆಯಲು ಹೇಳಿದೆ. ಮೊದಲ ಸಲ ಎರಡೂವರೆ ಕಿಲೋ ತೋರಿಸಿತು. ತಿರುಪು ಒಂದು ಸುತ್ತು ಸಡಿಲ ಮಾಡಿದ, ಮತ್ತೆ ಎಳೆದ. ಒಂದೂವರೆಗೆ ಬಂದಾಗ ರೀಲ್ ಜಿರ್ರ್ ಅಂತ ಎಲ್ಲೂ ನಿಲ್ಲದೆ ದಾರ ಬಿಟ್ಟಿತು.