ಗೇರ್‌ಬಾಕ್ಸ್ ಇಳಿಸೋದಾ, ಗಾಡಿನೇ ಮಾರೋದಾ?

ಜನವರಿಯ ಒಂದು ಬೆಳಿಗ್ಗೆ ಮನೆ ಮುಂದೆ ಕಾರನ್ನು 'ಡಿ'ಗೆ, ಅಂದರೆ ಡ್ರೈವ್‌ಗೆ, ಹಾಕಿದೆ. ಅಲುಗಲಿಲ್ಲ. ಎರಡು ಸೆಕೆಂಡು ಸುಮ್ಮನಿದ್ದು, ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ಧಡ್ ಎಂದು ಮುಂದೆ ಹೋಯಿತು. ವಾರ ಕಳೆಯುವಷ್ಟರಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಎಂಜಿನ್ ಸುಮ್ನೆ ಕೂಗುತ್ತಿತ್ತು, ಗಾಡಿ ಎಳೆಯುತ್ತಿರಲಿಲ್ಲ. 2011ರ ಕಾರು, 1,38,000 ಮೈಲಿ ಓಡಿತ್ತು.

ನಾನಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಅಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಇದು ತವರುಮನೆ. ಜನರಲ್ ಮೋಟಾರ್ಸ್‌ನವರ ಹೈಡ್ರಾಮ್ಯಾಟಿಕ್ ಎಂಬ ಅಟೊಮ್ಯಾಟಿಕ್ ಗೇರ್‌ಬಾಕ್ಸ್ 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಬಂತು. ಇಲ್ಲೇ ಲಿವೋನಿಯಾದಲ್ಲಿದ್ದ ಅದರ ಕಾರ್ಖಾನೆ 1953ರಲ್ಲಿ ಸುಟ್ಟುಹೋದಾಗ, ಯುದ್ಧದ ಕಾಲದಲ್ಲಿ ಬಾಂಬರ್ ವಿಮಾನ ಕಟ್ಟಿದ್ದ ವಿಲ್ಲೋ ರನ್ ಕಾರ್ಖಾನೆಗೆ ಕೆಲಸ ಸಾಗಿಸಿದರು. ಇಂಥ ಊರಲ್ಲಿ ಗೇರ್‌ಬಾಕ್ಸ್ ಕೆಟ್ಟರೆ ಸಲಹೆಗೆ ಬರವೇ? ಸಂಕ್ರಾಂತಿಗೆ ಸೇರುವ ನಮ್ಮ ಕನ್ನಡಿಗರಲ್ಲಿ ಅರ್ಧ ಜನ ಕಾರ್ ಕಂಪನಿಗೋ, ಅದಕ್ಕೆ ಪಾರ್ಟ್ಸ್ ಕೊಡುವ ಕಂಪನಿಗೋ ದುಡಿಯುವವರು. ಎಳ್ಳುಬೆಲ್ಲ ಮೆಲ್ಲುತ್ತಾ ಎಲ್ಲರದ್ದೂ ಒಂದೇ ಮಾತು: "ಮಾರಿಬಿಡಿ ಸಾರ್."

ಹಾಸನದಿಂದ ಅಪ್ಪನ ಫೋನು ಬಂತು.

"ರಿಪೇರಿಗೆ ಎಷ್ಟಂತಪ್ಪಾ?"

"4,200 ಡಾಲರ್ ಕೇಳ್ತಾರೆ."

"ಗಾಡಿ ಎಷ್ಟು ಬಾಳುತ್ತೆ?"

"ಸರಿಯಾಗಿದ್ರೆ 4,000."

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೋ!"

ಮಜಾ ಏನೆಂದರೆ, ಊರಲ್ಲಿ ಇದೇ ಅಪ್ಪ ಒಂದು ದಿನವೂ ಈ ಲೆಕ್ಕ ಹಾಕಿದವರಲ್ಲ. ನಮ್ಮ ಮಾರುತಿ 800 ಏರು ಹತ್ತದಾದಾಗ ಮೆಕ್ಯಾನಿಕ್ ರಸ್ತೆ ಕೊನೆಯವರೆಗೆ ಓಡಿಸಿಕೊಂಡು ಬಂದು, "ಗೇರ್‌ಬಾಕ್ಸ್ ಇಳಿಸಬೇಕು ಸಾರ್" ಎಂದ. ಎಷ್ಟಾಗುತ್ತೆ? "ಬಿಚ್ಚಿದ ಮೇಲೆ ನೋಡೋಣ." ಅಷ್ಟೇ ಎಸ್ಟಿಮೇಟು. ಸಂಜೆಯೊಳಗೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಬದಲಾಗಿ ಗಾಡಿ ಮನೆಗೆ ಬಂತು. ಗಾಡಿಯ ಬೆಲೆ ಎಷ್ಟು ಅಂತ ಯಾರೂ ಕೇಳಲಿಲ್ಲ. ಅಲ್ಲಿ ಕೈಕೆಲಸ ಅಗ್ಗ. ಬಿಚ್ಚಿ ನೋಡಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಇಲ್ಲಿ ನಾನು ಕೇಳಿದ ಗ್ಯಾರೇಜಿನಲ್ಲಿ ಗಂಟೆಗೆ 145 ಡಾಲರ್. ಅಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಇಳಿಸಿ ಮತ್ತೆ ಏರಿಸುವುದಕ್ಕೇ ಒಂದು ದಿನ ಬೇಕು. ಒಳಗೆ ಇರುವುದೂ ಒಂದು ಕ್ಲಚ್ ಪ್ಲೇಟಲ್ಲ. ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್ ಪ್ಲೇಟುಗಳ ಕಟ್ಟುಗಳೇ ಇವೆ. ಯಾವಾಗ ಯಾವ ಕಟ್ಟನ್ನು ಒತ್ತಬೇಕು ಎಂದು ಆಯಿಲನ್ನು ದಾರಿ ಹಿಡಿಸುವ ವಾಲ್ವ್ ಬಾಡಿ, ಅದಕ್ಕೆ ಕಂಪ್ಯೂಟರಿನ ಮಾತು ಮುಟ್ಟಿಸುವ ಸೊಲೆನಾಯ್ಡ್‌ಗಳು, ಎಂಜಿನ್ ಕಡೆ, ಅದರ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್. ರೀಬಿಲ್ಡ್ ಅಂದರೆ ಇದೆಲ್ಲ ಬಿಚ್ಚಿ, ಸವೆದದ್ದನ್ನೂ ಸೀಲುಗಳನ್ನೂ ಬದಲಿಸಿ, ಮತ್ತೆ ಜೋಡಿಸುವುದು. ಜೋಡಿಸುವವನ ಕೈ ಚೆನ್ನಾಗಿರಬೇಕು.

ಆದರೂ ನನಗೆ ಅಪ್ಪನ ಮೂಗುತಿ ಲೆಕ್ಕ ಒಪ್ಪಿಗೆಯಾಗಲಿಲ್ಲ. ಗಾಡಿಯ ಬೆಲೆ ಮಾರುವವನಿಗೆ ಬೇಕು. ನಾನು ಓಡಿಸುವವನು. ಈ ಕಾರು ಬಿಟ್ಟರೆ 15,000 ಡಾಲರಿನ ಇನ್ನೊಂದು ಹಳೇ ಕಾರು, ಅದರ ಮೇಲೆ ಶೇ 6 ತೆರಿಗೆ, ಸಾಲ ಮಾಡಿದರೆ ಫುಲ್ ಇನ್ಶೂರೆನ್ಸ್ ಬೇರೆ. ಕಂತೇ ತಿಂಗಳಿಗೆ 330. ಅಂದರೆ 4,200 ಎನ್ನುವುದು ಹದಿಮೂರು ತಿಂಗಳ ಕಂತು. ರೀಬಿಲ್ಡ್ ಮಾಡಿಸಿದ ಗಾಡಿ ಎರಡು ವರ್ಷ ಓಡಿದರೆ ನಾನೇ ಗೆದ್ದ ಹಾಗೆ, ಅಲ್ವಾ?

ಈ 4,200 ಒಂದು ಗ್ಯಾರೇಜಿನವರು ಫೋನಿನಲ್ಲೇ ಹೇಳಿದ ರೇಟು. ಗಾಡಿ ನೋಡಿಯೇ ಇಲ್ಲ! ಗೇರ್‌ಬಾಕ್ಸ್ ಕೆಲಸ ಮಾತ್ರ ಮಾಡುವ ಇನ್ನೊಬ್ಬ, "ಮೊದಲು ನೋಡುತ್ತೇನೆ, ಅದಕ್ಕೆ 160 ಡಾಲರ್. ಕೆಲಸ ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ" ಎಂದ. ನನ್ನ ಹಾಸನದ ರಕ್ತ ಕುದಿಯಿತು. ಸುಮ್ನೆ ನೋಡೋಕೂ ದುಡ್ಡಾ? ವಾಪಸ್ ಬಂದೆ. ಹತ್ತು ದಿನ ಕಾರು ಕೂಗಿಸಿಕೊಂಡು ಓಡಾಡಿ, ಬೇರೆ ದಾರಿ ಕಾಣದೆ ಮತ್ತೆ ಅವನ ಹತ್ತಿರವೇ ಹೋದೆ.

ಅವನು ಮೊದಲು ಕಂಪ್ಯೂಟರ್ ಹಚ್ಚಿ ಕೋಡ್ ಓದಿದ. ಆಮೇಲೆ ಆಯಿಲ್ ಒತ್ತಡಕ್ಕೆ ಗೇಜ್ ಹಾಕಿದ. ಕೆಟ್ಟಿದ್ದು ಬರೀ ಸೊಲೆನಾಯ್ಡೋ ವಾಲ್ವ್ ಬಾಡಿಯೋ ಆಗಿದ್ದರೆ ನನ್ನ ಕಾರಿನಲ್ಲಿ ಗೇರ್‌ಬಾಕ್ಸ್ ಇಳಿಸದೆಯೇ, ನಾಲ್ಕನೇ ಒಂದು ಭಾಗ ದುಡ್ಡಿನಲ್ಲಿ ಮುಗಿಯುತ್ತಿತ್ತಂತೆ. ನನಗೂ ಅದೇ ಆಸೆ. ಆಮೇಲೆ ಕೆಳಗಿನ ಪ್ಯಾನ್ ಬಿಚ್ಚಿದ. ಕೆಂಪಗಿರಬೇಕಾದ ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಒಗ್ಗರಣೆ ಸೀದ ಹಾಗೆ ವಾಸನೆ. ಪ್ಯಾನಿನ ಆಯಸ್ಕಾಂತಕ್ಕೆ ಬೂದು ಬಣ್ಣದ ನಯವಾದ ಕೆಸರು ಅಂಟುವುದು ಸಹಜ. ನನ್ನದರಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ಲೋಹದ ಚೂರುಗಳಿದ್ದವು. ಹದಿಮೂರು ವರ್ಷ ಎಂಜಿನ್ ಆಯಿಲ್ ತಪ್ಪದೆ ಬದಲಿಸಿದ್ದೇನೆ. ಗೇರ್‌ಬಾಕ್ಸ್ ಆಯಿಲ್ ಒಂದು ಸಲವೂ ಇಲ್ಲ. ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸರಿ, ರೀಬಿಲ್ಡೇ ಆಗಬೇಕು. ಅವನ ರೇಟೂ ಹೆಚ್ಚುಕಡಿಮೆ ಅಷ್ಟೇ. ಗುಜರಿಯಿಂದ ಹಳೇ ಗೇರ್‌ಬಾಕ್ಸ್ ತಂದು ಕೂರಿಸಿದರೆ ಅರ್ಧಕ್ಕೆ ಆಗುತ್ತೆ, ಆದರೆ ಅದು ಲಾಟರಿ. ನಾನು ಮನಸ್ಸಿನಲ್ಲಿ ಹೂಂ ಅಂದಾಗಿತ್ತು. ಅಷ್ಟರಲ್ಲಿ ಅವನು ಲಿಫ್ಟಿನ ಕೆಳಗೆ ಕರೆದ. ಹಿಂದಿನ ಚಕ್ರಗಳ ಭಾಗವನ್ನು ಹಿಡಿದಿರುವ ಕಬ್ಬಿಣದ ಚೌಕಟ್ಟಿಗೆ, ಸಬ್‌ಫ್ರೇಮಿಗೆ, ಸ್ಕ್ರೂಡ್ರೈವರ್ ಒತ್ತಿದ. ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಸುರಿಯುವ ಉಪ್ಪು ತಿಂದ ಕಬ್ಬಿಣ. ಗೇರ್‌ಬಾಕ್ಸ್ ಎರಡು ವರ್ಷ ಬಾಳಬಹುದಿತ್ತು. ಅದನ್ನು ಹೊತ್ತ ಗಾಡಿ ಬಾಳುತ್ತಿರಲಿಲ್ಲ. ನನ್ನ ಕಂತಿನ ಲೆಕ್ಕ ಅಲ್ಲೇ ಉದುರಿತು.

ಈ ರಾಜ್ಯದಲ್ಲಿ ಅಟೊಮ್ಯಾಟಿಕ್ ಗೇರ್‌ಬಾಕ್ಸ್ ರಿಪೇರಿಗೆ ಮೆಕ್ಯಾನಿಕ್ ಬೇರೆಯೇ ಪರೀಕ್ಷೆ ಪಾಸಾಗಿರಬೇಕು. ಎಸ್ಟಿಮೇಟ್ ಬರೆದು ಕೊಡಬೇಕು. ಒಳ್ಳೆಯದೇ. ಆದರೆ ಕೆಲಸ ಮಾಡಿಸಬೇಕೋ ಬೇಡವೋ ಅಂತ ಆ ಕಾಗದ ಹೇಳುವುದಿಲ್ಲ. ಊರಿನ ಮೆಕ್ಯಾನಿಕ್ ಬಿಟ್ಟಿ ನೋಡುತ್ತಾನೆ, ನೋಡಿದ ಹೊತ್ತನ್ನು ಬಿಚ್ಚಿದ ಮೇಲೆ ವಸೂಲು ಮಾಡುತ್ತಾನೆ. ಹಾಗಾಗಿ ಬಿಚ್ಚದೆ ಅವನಿಗೆ ಗತಿಯಿಲ್ಲ. ನೋಡಿದ್ದಕ್ಕೇ ದುಡ್ಡು ಸಿಕ್ಕವನಿಗೆ ಆ ಆತುರ ಇರುವುದಿಲ್ಲ. ಈ ವಿಷಯದಲ್ಲಿ ನನಗೆ ಇಲ್ಲಿನ ರೀತಿಯೇ ಹಿಡಿಸಿತು, ಎಷ್ಟೇ ಹೊಟ್ಟೆ ಉರಿದರೂ.

ಬೆಂಗಳೂರಿನ ಟ್ರಾಫಿಕ್ಕಿನಿಂದಾಗಿ ಈಗ ಅಲ್ಲೂ ಅಟೊಮ್ಯಾಟಿಕ್ ಜಾಸ್ತಿಯಾಗಿದೆ. ನನ್ನ ಚಿಕ್ಕಪ್ಪನ ಮಗನದು ಎಎಂಟಿ. ಅದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತೆ. ಅವನಿಗೆ ನನ್ನಷ್ಟು ಖರ್ಚು ಬರಲಿಕ್ಕಿಲ್ಲ. ಸಿವಿಟಿ (ಗೇರುಗಳ ಬದಲು ಬೆಲ್ಟ್ ಇರುವ ಅಟೊಮ್ಯಾಟಿಕ್) ಅಥವಾ ನನ್ನದರಂಥ ಟಾರ್ಕ್ ಕನ್ವರ್ಟರ್ ಬಾಕ್ಸ್ ಇರುವವರು ಮಾತ್ರ, "ಇಡೀ ಬಾಕ್ಸೇ ಬದಲಿಸಬೇಕು" ಎಂದು ಯಾರಾದರೂ ಹೇಳಿದ ದಿನ, ಪ್ಯಾನ್ ಬಿಚ್ಚಿ ತೋರಿಸಲು ಬೇರೆ ಒಬ್ಬನಿಗೆ ದುಡ್ಡು ಕೊಟ್ಟು ನೋಡಿ.

ಕಾರು ಇದ್ದ ಹಾಗೇ 700 ಡಾಲರಿಗೆ ಹೋಯಿತು. ಟೋ ಟ್ರಕ್ಕಿನವನು ಬಂದು ಎಳೆದುಕೊಂಡು ಹೋದ. ಅಪ್ಪನಿಗೆ ಖುಷಿಯೋ ಖುಷಿ, ತಮ್ಮ ಮಾತೇ ಗೆದ್ದಿತು ಅಂತ. 160 ಡಾಲರಿನ ವಿಷಯ ಅವರಿಗೆ ಇನ್ನೂ ಹೇಳಿಲ್ಲ.