ಧನುರ್ಮಾಸದ ಹುಗ್ಗಿ, ಓಸ್ಲೋದ ಹಿಮದ ಹಾದಿ

ಡಿಸೆಂಬರ್ ಬಂತೆಂದರೆ ನಮ್ಮೂರ ಕಡೆ ಮಕ್ಕಳ ತಲೆಗೆ ಕುಲಾವಿ ಏರುತ್ತದೆ. 15 ಡಿಗ್ರಿ ಚಳಿಗೇ “ಮಂಜು ಬೀಳ್ತಿದೆ, ಹೊರಗೆ ಹೋಗ್ಬೇಡ್ರೋ” ಎಂಬ ಗದರಿಕೆ. ನಾರ್ವೆಯ ರಾಜಧಾನಿ ಓಸ್ಲೋದಲ್ಲಿ ಮೈನಸ್ 5ರಲ್ಲೂ ಕೂಸುಗಳನ್ನು ಬೆಚ್ಚಗೆ ಸುತ್ತಿ, ತಳ್ಳುಗಾಡಿಯಲ್ಲಿ ಹೊರಗೇ ಮಲಗಿಸುತ್ತಾರೆ. ಭಾನುವಾರ ಬಹುಪಾಲು ಅಂಗಡಿಗಳಿಗೆ ಬೀಗ. ಮೆಟ್ರೋದ 1ನೇ ಲೈನಿನಲ್ಲಿ ಸ್ಕೀ (ಕಾಲಿಗೆ ಕಟ್ಟಿ ಹಿಮದ ಮೇಲೆ ಜಾರುವ ಉದ್ದ ಪಟ್ಟಿ) ಹಿಡಿದು ನಿಂತವರೇ ನಿಂತವರು. ಕೊನೆಯ ನಿಲ್ದಾಣ ಫ್ರಾಗ್ನರ್‌ಸೇತರೆನ್‌ನಲ್ಲಿ ಇಳಿದರೆ ಎದುರಿಗೇ ಕಾಡು. ಖಾಸಗಿ ಕಾಡಿನಲ್ಲೂ ಯಾರು ಬೇಕಾದರೂ ಓಡಾಡಬಹುದೆಂಬ ಹಕ್ಕು 1957ರಿಂದ ಕಾಯ್ದೆಯಲ್ಲೇ ಇದೆ. ಹಾದಿಯ ಹಿಮ ಹದ ಮಾಡಿ ಸ್ಕೀ ಗೆರೆ ಎಳೆಯುವುದು 1883ರಲ್ಲಿ ಹುಟ್ಟಿದ ಶಿಫೋರೆನಿಂಗೆನ್ ಎಂಬ ಸಂಘ.

ಚಳಿಗೆ ಹೆದರದ ಈ ರೂಢಿಯಲ್ಲಿ ನಾನು ಅವರ ಪಕ್ಷ. ಬುತ್ತಿಯ ವಿಷಯಕ್ಕೆ ಬಂದರೆ ನಮ್ಮದೇ ಮೇಲು. ಅವರ ಚೀಲದಲ್ಲಿರುವುದು ತಣ್ಣನೆಯ ಬ್ರೆಡ್ಡು, ಕಂದು ಚೀಸು, ಕಿತ್ತಳೆ, ಕ್ವಿಕ್ ಲುನ್ಶ್ ಚಾಕೊಲೇಟು. ಧನುರ್ಮಾಸದಲ್ಲಿ ನಮ್ಮ ಹಿರಿಯರು ಬೆಳಕು ಹರಿಯುವ ಮೊದಲೇ ಮಿಂದು, ದೇವಸ್ಥಾನಕ್ಕೆ ನಡೆದು, ಆಮೇಲೆ ಮೆಣಸಿನ ಹುಗ್ಗಿ ತಿನ್ನುತ್ತಿದ್ದರು. ಚಳಿಯಲ್ಲಿ ನಡಿಗೆ, ಹಿಂದೆಯೇ ಬಿಸಿ ಊಟ. ಹುಗ್ಗಿ ನಮ್ಮಲ್ಲಿ ಉಳಿಯಿತು, ನಡಿಗೆ ಬಿಟ್ಟುಹೋಯಿತು. ಎರಡನ್ನೂ ಮತ್ತೆ ಕೂಡಿಸಲು ಓಸ್ಲೋಕ್ಕಿಂತ ಒಳ್ಳೆಯ ಜಾಗ ಬೇಕೇ?

ನಾಲ್ವರಿಗೆ ಅಕ್ಕಿ 1 ಲೋಟ, ಘಮ್ಮೆನ್ನುವಂತೆ ಹುರಿದ ಹೆಸರುಬೇಳೆ 1 ಲೋಟ. ಮನೆಯಲ್ಲೇ ತಿನ್ನುವುದಾದರೆ 6 ಲೋಟ ನೀರು ಸಾಕು. ಫ್ಲಾಸ್ಕಿಗೆ ತುಂಬುವುದಾದರೆ 8 ಬೇಕು. ಡಬ್ಬಿಯೊಳಗೂ ಅಕ್ಕಿ, ಬೇಳೆ ನೀರು ಹೀರುತ್ತಲೇ ಇರುತ್ತವೆ. ಹೊರಡುವಾಗ ಹದವಾಗಿದ್ದದ್ದು ಮಧ್ಯಾಹ್ನ ಮುದ್ದೆಯಾಗಿರುತ್ತದೆ. ಮೆಣಸು, ಜೀರಿಗೆ ಒಂದೊಂದು ಚಮಚವನ್ನು ತರಿತರಿಯಾಗಿ ಕುಟ್ಟಿ, ಒಂದಿಂಚು ಶುಂಠಿ, ಚಿಟಿಕೆ ಇಂಗು, ಕೊಬ್ಬರಿ ಚೂರಿನ ಜೊತೆ 3 ಚಮಚ ತುಪ್ಪದಲ್ಲಿ ಒಗ್ಗರಣೆ ಕೊಡಿ. ಅಗಲ ಬಾಯಿಯ ಫ್ಲಾಸ್ಕಿಗೆ ಮೊದಲು ಕುದಿನೀರು ಹಾಕಿ 5 ನಿಮಿಷ ಮುಚ್ಚಿಟ್ಟು ಚೆಲ್ಲಿ, ಹೊಗೆಯಾಡುವ ಹುಗ್ಗಿಯನ್ನು ಕತ್ತಿನವರೆಗೆ ತುಂಬಿ. ಅರ್ಧಕ್ಕೇ ನಿಲ್ಲಿಸಿದರೆ ಬೇಗ ಆರುತ್ತದೆ. ಜೇಬಿಗೆ ಎಳ್ಳುಬೆಲ್ಲ. ಚಳಿಗೆ ಅಚ್ಚುಬೆಲ್ಲ ಕಲ್ಲಾಗುವುದರಿಂದ ಕಡಲೆಕಾಳಿನ ಗಾತ್ರಕ್ಕೆ ಮನೆಯಲ್ಲೇ ಕೊಚ್ಚಿಕೊಳ್ಳಿ. ನೀರಿನ ಬಾಟಲಿಯನ್ನು ತಲೆಕೆಳಗಾಗಿಡಿ: ಮಂಜುಗಡ್ಡೆ ತಳದ ಕಡೆ ಕಟ್ಟುತ್ತದೆ, ಮುಚ್ಚಳ ತೆರೆಯಲು ಬರುತ್ತದೆ.

ನಮ್ಮವರು ಮೊದಲು ಎಡವುವುದು ಬಟ್ಟೆಯಲ್ಲಿ. ಹತ್ತಿಯ ಬನಿಯನ್ನು, ಜೀನ್ಸು ಬೆವರನ್ನು ಹಿಡಿದಿಟ್ಟುಕೊಂಡು, ನಿಂತ ಕೂಡಲೇ ಮೈ ಕೊರೆಯುತ್ತವೆ. ಮೈಗಂಟಿ ತೆಳು ಮೆರಿನೋ ಉಣ್ಣೆ, ಅದರ ಮೇಲೊಂದು ಸ್ವೆಟರು, ಮೇಲೆ ಗಾಳಿ ತಡೆಯುವ ಜಾಕೆಟು. ಹೊರಡುವಾಗ ತುಸು ಚಳಿ ಎನಿಸಬೇಕು. ಆಗಲೇ ಬೆಚ್ಚಗಿದ್ದರೆ ಹತ್ತು ನಿಮಿಷಕ್ಕೆ ಬೆವರು. ದಪ್ಪ ಕೋಟು ಚೀಲದಲ್ಲಿರಲಿ, ನಿಂತ ತಕ್ಷಣ, ನಡುಗುವ ಮೊದಲೇ ಹಾಕಿಕೊಳ್ಳಿ.

ಸ್ಕೀಯನ್ನು ಬೆಚ್ಚನೆಯ ಮನೆಯಿಂದ ತಂದು ನೇರ ಹಿಮಕ್ಕಿಡಬೇಡಿ. ತಳಕ್ಕೆ ಹತ್ತಿದ ಹಿಮ ಕರಗಿ ಮತ್ತೆ ಗಟ್ಟಿಯಾಗುತ್ತದೆ. ಹತ್ತು ನಿಮಿಷ ಹೊರಗಿಟ್ಟು ತಣಿಸಿ. ಮೇಣ ಹಚ್ಚುವ ಸ್ಕೀಯಾದರೆ ಪಾದದಡಿಯ ಭಾಗಕ್ಕೆ ಮೂರ್ನಾಲ್ಕು ತೆಳು ಪದರ ಬಳಿದು, ಪ್ರತಿ ಪದರವನ್ನೂ ಬಿರಡೆಯಿಂದ ಉಜ್ಜಿ. ಮೇಣ ಆ ದಿನದ ಚಳಿಗೆ ತೀರಾ ಮೆತ್ತನೆಯದಾದರೆ ಹಿಮದ ಹೆಂಟೆ ಅಂಟುತ್ತದೆ, ಗಡುಸಾದರೆ ಏರಿನಲ್ಲಿ ಹಿಂದಕ್ಕೆ ಜಾರುತ್ತದೆ. ಹೊಸಬರಿಗೆ ತಳದಲ್ಲಿ ರೋಮದ ಪಟ್ಟಿಯಿರುವ ಸ್ಕೀ ಸಾಕು. ಅದೂ ಬೇಡವೆನ್ನುವವರಿಗೆ ಸೋಂಗ್ಸ್‌ವಾನ್ ಕೆರೆಯ ಸುತ್ತ 3 ಕಿಲೋಮೀಟರಿಗೂ ತುಸು ಹೆಚ್ಚಿನ ಸಮತಟ್ಟು ನಡಿಗೆ ಇದೆ.

ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವುದು 9 ದಾಟಿದ ಮೇಲೆ, ಮುಳುಗುವುದು ಮೂರೂಕಾಲರ ಹೊತ್ತಿಗೆ. ಹತ್ತಕ್ಕೆ ಹೊರಟು ಎರಡಕ್ಕೆ ತಿರುಗಿ, ತಲೆದೀಪ ಜೊತೆಗಿರಲಿ. ಇಷ್ಟು ಓಡಾಡಿದೆವಲ್ಲ, ವಿಟಮಿನ್ ಡಿ ಸಿಕ್ಕಿತು ಎಂದುಕೊಳ್ಳಬೇಡಿ. ಈ ಅಕ್ಷಾಂಶದಲ್ಲಿ ಚಳಿಗಾಲದ ಬಿಸಿಲಿಗೆ ಆ ಕಸುವಿಲ್ಲ, ನಮ್ಮ ಮೈಬಣ್ಣಕ್ಕಂತೂ ಇಲ್ಲವೇ ಇಲ್ಲ. ಅದಕ್ಕೇ ಇಲ್ಲಿನವರು ಕಾಡ್ ಮೀನಿನ ಎಣ್ಣೆ ಕುಡಿಯುತ್ತಾರೆ. ಸಸ್ಯಾಹಾರಿಗಳು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲಿ.

ರಾತ್ರಿಯ ಹುಳಿಗೆ ಇಲ್ಲಿ ಅವರೆಕಾಳಿಲ್ಲ ಎಂಬ ಕೊರಗು ಎಲ್ಲರದೂ. ಆದರೆ ಕೋಲ್‌ರೋಟ್ ಎಂಬ ಹಳದಿ ಗೆಡ್ಡೆ ಚಳಿಗಾಲವಿಡೀ ಸಿಗುತ್ತದೆ. ನವಿಲುಕೋಸಿನ ಬಳಗದ್ದೇ, ರುಚಿ ತುಸು ಸಿಹಿ. ದಪ್ಪ ಸಿಪ್ಪೆ ಹೆರೆದು ಮುಕ್ಕಾಲಿಂಚಿನ ಹೋಳು ಮಾಡಿ. ಹೋಳು ಮೆತ್ತಗಾದ ಮೇಲೆಯೇ ಹುಣಸೆಹುಳಿ ಹಾಕಬೇಕು. ಮೊದಲೇ ಹಾಕಿದರೆ ಎಷ್ಟು ಕುದಿಸಿದರೂ ಗಟ್ಟಿಯಾಗೇ ಉಳಿಯುತ್ತದೆ. ತೊಗರಿಬೇಳೆ ಮಾತ್ರ ಬೆಂಗಳೂರಿನ ಬೋರ್‌ವೆಲ್ ನೀರಿಗಿಂತ ಇಲ್ಲಿ ಬೇಗ ಬೇಯುತ್ತದೆ. ಓಸ್ಲೋದ ನಲ್ಲಿಗೆ ಬರುವುದು ಹೆಚ್ಚಾಗಿ ಮಾರಿದಾಲ್ಸ್‌ವಾನ್ ಕೆರೆಯ ನೀರು, ಸುಣ್ಣದಂಶ ಕಡಿಮೆಯಿರುವ ಮೆದು ನೀರು. ಊರಿನ ಲೆಕ್ಕದಲ್ಲಿ ಸೀಟಿ ಹಾಕಿಸಿದರೆ ಬೇಳೆ ಕರಗಿಹೋಗುತ್ತದೆ. ಒಂದು ಸೀಟಿ ಮೊದಲೇ ಒಲೆ ಆರಿಸಿ.